ತಾಕತ್ತಿನ ಸೂಜಿ

ಸೂಜಿಯ ದಿನ ಬಂತೆಂದರೆ ಬಿಬಿಜಾನ ಬೆಳಗಿನಿಂದಲೇ ಅವಸರಕ್ಕೆ ಬೀಳುತ್ತಿದ್ದಳು. ರೊಟ್ಟಿ ಬಡಿದು, ನೀರು ತುಂಬಿಟ್ಟು, ಮಗಳ ಕೂಸಿಗೆ ಎರೆದು, ಮಧ್ಯಾಹ್ನವೇ ಎರಡು ಕೌದಿ ತೆಗೆದು ಮಂಚದ ಮೇಲೆ ಇಟ್ಟುಕೊಳ್ಳುವಳು. ಸಂಜೆಯಾಗುತ್ತಲೇ ಹಲ್ಲು ಕಟಕಟಿಸುವ ಚಳಿ, ಅದರ ಬೆನ್ನಿಗೇ ಮೈ ಸುಡುವ ಜ್ವರ. ವಾರಕ್ಕೆ ಮೂರು ಸಲ ಇದೇ ಹಾಡು. ಬೈಲಹೊಂಗಲದ ಬೇಸಿಗೆಯ ಸೆಕೆಗೆ ಓಣಿಯ ಜನವೆಲ್ಲ ಕಟ್ಟೆಗೆ ಬಂದು ಗಾಳಿ ಬೀಸಿಕೊಳ್ಳುತ್ತಿದ್ದರೆ ಇವಳು ಒಳಗೆ ಮುದುಡಿ ಮಲಗಿರುತ್ತಿದ್ದಳು.

ಇದು ತಾಕತ್ತಿನ ಸೂಜಿ ಎಂದು ಮಗ ನಾಸಿರ ಹೇಳಿದ್ದ. ಅವನು ಹೇಳಿದ್ದು ಶುದ್ಧ ಸುಳ್ಳು.

ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಅವಳ ಎಡಗಾಲಿನ ಹಿಮ್ಮಡಿಯ ಅಡಿಗೆ ಕರಿ ಮಚ್ಚೆಯೊಂದು ಬೆಳೆದಿತ್ತು. ದಿನವಿಡೀ ಬರಿಗಾಲಲ್ಲಿ ಓಡಾಡುವ ಹೆಂಗಸು ಅಂಗಾಲನ್ನು ಯಾವಾಗ ನೋಡಿಕೊಳ್ಳಬೇಕು? ಆಣಿ ಇದ್ದೀತೆಂದು ಬ್ಲೇಡಿನಿಂದ ಕೆತ್ತಿದಳು, ಸುಣ್ಣ ಹಚ್ಚಿದಳು. ರಕ್ತ ಒಸರತೊಡಗಿದಾಗ ನಾಸಿರ ಬೆಳಗಾವಿಗೆ ಕರೆದೊಯ್ದ. ಅಲ್ಲಿ ಹಿಮ್ಮಡಿಯ ಆ ಭಾಗವನ್ನೂ ತೊಡೆಸಂದಿನ ಗಂಟುಗಳನ್ನೂ ಕತ್ತರಿಸಿ ತೆಗೆದರು. ಡಾಕ್ಟರು ನಾಸಿರನೊಬ್ಬನನ್ನೇ ಒಳಗೆ ಕರೆದು, ಇದು ಮೆಲನೋಮಾ, ಚರ್ಮದ ಕ್ಯಾನ್ಸರು, ಗಂಟಿಗೂ ಹರಡಿತ್ತು, ಇನ್ನೊಂದು ವರ್ಷ ಇಂಟರ್‌ಫೆರಾನ್ ಎಂಬ ಸೂಜಿ ಬೇಕು ಎಂದರು. ತಾಯಿಗೆ ಎಲ್ಲ ಬಿಡಿಸಿ ಹೇಳಿ ಎಂದೂ ಅಂದರು. ನಾಸಿರ ತಲೆಯಾಡಿಸಿ ಹೊರಗೆ ಬಂದವನು, ಆಣಿ ತೆಗೆದಾಯಿತು, ಇನ್ನು ತಾಕತ್ತಿನ ಸೂಜಿ ಅಷ್ಟೆ ಎಂದುಬಿಟ್ಟ.

ಅವನನ್ನು ಪೂರಾ ಬೈಯುವಂತೆಯೂ ಇಲ್ಲ. ರಾಮದುರ್ಗದ ಚಿಕ್ಕಮ್ಮ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ದಿನವೇ ಗೋಡೆಗೆ ಮುಖ ಮಾಡಿ ಮಲಗಿದವಳು ಮತ್ತೆ ತುತ್ತು ಮುಟ್ಟಲಿಲ್ಲ. ಅಮ್ಮನೂ ಹಾಗೆಯೇ ಮಾಡಿದರೆ ಎಂದು ಅವನು ಹೆದರಿದ್ದ. ಬಾಣಂತನಕ್ಕೆ ಬಂದಿದ್ದ ತಂಗಿ ಹಿನಾಕೌಸರಳಿಗೂ ಹೇಳಲಿಲ್ಲ. ಮನೆಗೆ ಬಂದು ಸೂಜಿ ಮಾಡುವ ನರ್ಸ್ ಲಗಮವ್ವನಿಂದ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದ. ಔಷಧದ ಬಾಟಲಿಗಳು ಓಣಿಯ ಅಂಗಡಿಯ ಫ್ರಿಜ್ಜಿನಲ್ಲಿ ಸೋಡಾ ಬಾಟಲಿಗಳ ಪಕ್ಕ ಕೂತಿದ್ದವು. ಅಂಗಡಿಯವನ ಪಾಲಿಗೂ ಅವು ತಾಕತ್ತಿನವೇ.

ಒಂದು ಸೂಜಿಯ ದಿನ ಲಗಮವ್ವ ಸಂಪಗಾಂವಕ್ಕೆ ಮದುವೆಗೆ ಹೋಗಿದ್ದಳು. ನಾಸಿರ ಸವದತ್ತಿ ದಾರಿಯಲ್ಲಿ ಟ್ರ್ಯಾಕ್ಸ್ ಓಡಿಸುವವನು. ಗಾಡಿ ಕೆಟ್ಟು ಗ್ಯಾರೇಜು ಸೇರಿದ್ದರಿಂದ ಮಧ್ಯಾಹ್ನವೇ ಮನೆಗೆ ಬಂದ. ಒಳಗೆ ಕಾಲಿಟ್ಟವನಿಗೆ ಕಂಡದ್ದು ತಂಗಿ. ತೋಳು ಮೇಲೇರಿಸಿ, ಮುಖ ಅತ್ತ ತಿರುಗಿಸಿ ಕೂತಿದ್ದಾಳೆ. ಕಾಂಪೌಂಡರ್ ದುಂಡಪ್ಪ ಸಿರಿಂಜು ತುಂಬಿ ಹಿಡಿದು ಬಗ್ಗಿದ್ದಾನೆ. ನಾಸಿರ ಓಡಿಹೋಗಿ ಅವನ ಮಣಿಕಟ್ಟು ಹಿಡಿದುಕೊಂಡ.

ತನ್ನದೇನೂ ತಪ್ಪಿಲ್ಲವೆಂದು ದುಂಡಪ್ಪ ತೊದಲಿದ. ಬಾಣಂತಿಗೆ ತಾಕತ್ತಿನ ಸೂಜಿ ಎಂದು ಅಮ್ಮನವರೇ ಕರೆಸಿದ್ದರಂತೆ. ಬಾಟಲಿಯ ಮೇಲಿನ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ. ಕೇಳದ ಹೆಸರಿನ ಔಷಧಗಳು ದಿನಾ ಬರುತ್ತವೆ ಎಂದು ಸುಮ್ಮನಾಗಿದ್ದ. ಬಿಬಿಜಾನ ಮಾತ್ರ ಶಾಂತಳಾಗಿದ್ದಳು.

"ನನ್ನ ಹಳೀ ಮೈಗೆ ಅದು ಹತ್ತವಲ್ದಪಾ," ಎಂದಳು. "ಈಕಿ ಹರೇದಾಕಿ. ಹಡದು ಹೆಂಗ ಬಿಳಚಿಕೊಂಡಾಳ ನೋಡು. ಈಕಿಗರ ತಾಕತ್ತು ಹತ್ತಲಿ."

"ಅದು ತಾಕತ್ತಿಂದಲ್ಲ ಅಮ್ಮಾ. ಕ್ಯಾನ್ಸರಿನ ಔಷಧ."

ಹಿನಾ ತೋಳು ಇಳಿಸಿ ಕೂಸನ್ನು ಎತ್ತಿಕೊಂಡಳು. ಯಾರಿಗೆ ಕ್ಯಾನ್ಸರು ಎಂದು ಬಿಬಿಜಾನ ಕೇಳಿದಳು. ನಾಸಿರನ ಕಣ್ಣು ಅವಳ ಎಡಗಾಲಿನ ಕಡೆ ಹೋಯಿತು. ಅವಳು ಮೆಲ್ಲಗೆ ಗೋಡೆ ಹಿಡಿದು ಕೆಳಗೆ ಕುಳಿತಳು.

ಚಿಕ್ಕಮ್ಮನಂತೆ ಗೋಡೆಗೆ ಮುಖ ಮಾಡಿಯಾಳೆಂದು ನಾಸಿರ ಕಾದ. ಅವಳು ಅವನ ಮುಖವನ್ನೇ ನೋಡಿದಳು.

"ನಾ ಸಾಯಾಕ ಹತ್ತೇನಿ ಅಂತ ನನಗ ಯಾವಾಗೋ ಅನಸಿತ್ತು," ಎಂದಳು. "ತಾಕತ್ತಿನ ಸೂಜಿ ಮಾಡಿಸಿಕೊಂಡ್ರೂ ಹಿಂಗ ನಡಗ್ತೇನಿ ಅಂದ್ರ ಒಳಗ ಇನ್ನೇನೂ ಉಳದಿಲ್ಲ ಅಂತ ತಿಳಕೊಂಡೆ. ಟ್ರಂಕಿನ್ಯಾಗ ಕಫನ್ ಬಟ್ಟಿ ತಂದಿಟ್ಟೇನಿ. ನಿಮಗ ಹೇಳಿದ್ರ ಹೆದರ್ತೀರಿ ಅಂತ ಸುಮ್ಮನಿದ್ದೆ."

ನಾಸಿರನಿಗೆ ತಡೆಯಲಾಗಲಿಲ್ಲ. ತಾಯಿಯನ್ನು ಹೆದರಿಕೆಯಿಂದ ಕಾಪಾಡುತ್ತಿದ್ದೇನೆಂದು ಅವನು ತಿಳಿದಿದ್ದ. ಅವಳೋ ಇಷ್ಟು ತಿಂಗಳೂ ಒಬ್ಬಳೇ, ತನ್ನ ಹೆಣದ ಬಟ್ಟೆಯನ್ನು ತಾನೇ ಮಡಿಚಿಟ್ಟುಕೊಂಡು ಆ ಚಳಿಯಲ್ಲಿ ಮಲಗಿದ್ದಳು. ಅವನು ಮಕ್ಕಳಂತೆ ಅತ್ತ.

ಅತ್ತು ಮುಗಿಸಿ ಅವಳೆದುರು ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಮೈಯೊಳಗೆ ರೋಗದೊಡನೆ ಕಾದಾಡುವ ಕಾವಲಿನವರು ಇರುತ್ತಾರಂತೆ. ಆದರೆ ಈ ರೋಗ ನಮ್ಮದೇ ಚರ್ಮದಿಂದ ಹುಟ್ಟಿದ್ದು. ಮನೆಯವರೇ ಯಾರೋ ಎಂದು ಕಾವಲಿನವರು ಅದನ್ನು ಬಿಟ್ಟುಬಿಡುತ್ತಾರೆ. ಈ ಸೂಜಿ ಅವರನ್ನು ಬಡಿದೆಬ್ಬಿಸುತ್ತದೆ. ಅವರು ಎದ್ದ ಗದ್ದಲಕ್ಕೇ ಚಳಿ, ಜ್ವರ.

"ಅಂದ್ರ ಈ ಜ್ವರ ರೋಗದ್ದಲ್ಲ?"

"ಅಲ್ಲ. ಔಷಧದ್ದು."

ಸೂಜಿಗೆ ಮೊದಲು ಜ್ವರದ ಗುಳಿಗೆ ನುಂಗಿದರೆ ನಡುಕ ಕಡಿಮೆಯಾಗುತ್ತದೆಂದೂ ಡಾಕ್ಟರು ಹೇಳಿದ್ದರು. ಲಗಮವ್ವನೂ ಹೇಳಿದ್ದಳು. ತಾಕತ್ತಿನ ಸೂಜಿಗೆ ಜ್ವರದ ಗುಳಿಗೆ ಯಾಕೆ ಎಂದು ಅಮ್ಮ ಕೇಳಿಯಾಳೆಂದು ತಾನೇ ಅದನ್ನು ತಡೆದಿದ್ದನ್ನು ನಾಸಿರ ತಲೆ ತಗ್ಗಿಸಿ ಒಪ್ಪಿಕೊಂಡ. ಇಷ್ಟೆಲ್ಲ ಮಾಡಿದರೆ ರೋಗ ತಿರುಗಿ ಬರುವುದಿಲ್ಲವೇ ಎಂದು ಅವಳು ಕೇಳಿದಳು. ಅವನ ನಾಲಿಗೆಯ ತುದಿಗೆ ಇನ್ನೊಂದು ಸುಳ್ಳು ಬಂದಿತ್ತು.

"ಬರಬಹುದು. ಬರದೇ ಇರಬಹುದು. ಅವರಿಗೂ ಖಾತ್ರಿ ಇಲ್ಲ ಅಮ್ಮಾ."

ಬಿಬಿಜಾನ ಹಿನಾಳಿಂದ ಗುಳಿಗೆ ತರಿಸಿ ನುಂಗಿದಳು. ಸ್ವಲ್ಪ ಹೊತ್ತು ಬಿಟ್ಟು, ಹೋಗಲೂ ಆಗದೆ ಇರಲೂ ಆಗದೆ ಬಾಗಿಲಲ್ಲಿ ನಿಂತಿದ್ದ ದುಂಡಪ್ಪನ ಕಡೆ ತಿರುಗಿ ತನ್ನ ತೋಳು ಮೇಲೇರಿಸಿದಳು.

"ಬರ್ರಿ ದುಂಡಪ್ಪಣ್ಣಾ. ಅದು ನಂದ ಐತಿ."

ಸೂಜಿಯ ದಿನದ ಸಂಜೆ ನಾಸಿರ ಏನಾದರೊಂದು ನೆಪ ತೆಗೆದು ಹೊರಗೆ ಉಳಿಯುತ್ತಿದ್ದ. ತಾಯಿ ನಡುಗುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಅಂದು ಹೋಗಲಿಲ್ಲ. ಚಳಿ ಬಂತು. ಎಂದಿಗಿಂತ ಸ್ವಲ್ಪ ತಡವಾಗಿ, ಸ್ವಲ್ಪ ಹಗುರಾಗಿ, ಆದರೂ ಬಂತು.

"ನಾಸಿರ, ನಂಗ ಭಾಳ ಹೆದರಿಕಿ ಆಗಾಕ ಹತ್ತೈತಿ," ಎಂದಳು ಬಿಬಿಜಾನ.

ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ನಂಗೂ ಆಗ್ತೈತಿ ಅಮ್ಮಾ," ಎಂದ.

ಅವಳು ನಡುಗುತ್ತಲೇ ಗೋಡೆಯ ಕಡೆ ಸರಿದು ಮಂಚದ ಮೇಲೆ ಅವನಿಗೆ ಜಾಗ ಮಾಡಿದಳು.