ಸೇನಾಪತಿಯ ಎಡಗಾಲು

"ಎಳಿ ಮಗಳೇ, ಇನ್ನೂ ಬಿಗಿಯಾಗಿ ಎಳಿ," ಎಂದಳು ನೆರೆಮನೆಯ ಮೆನೆಗ.

ಒರ್ಸೊಲ ಬಿಳಿ ಪಟ್ಟಿಯನ್ನು ಅಪ್ಪನ ಹೆಬ್ಬೆರಳುಗಳಿಗೆ ಸುತ್ತಿ ಎಳೆದಳು. ದೇವರ ಎದುರು ಹೋಗುವವನ ಪಾದಗಳು ಜೋಡಿಯಾಗಿ ನೆಟ್ಟಗಿರಬೇಕು. ವೆನಿಸ್ಸಿನ ಆ ಓಣಿಯಲ್ಲಿ ಹಿಂದಿನಿಂದಲೂ ಅದೇ ರೂಢಿ. ಆದರೆ ಅಪ್ಪ ಬೊರ್ತೊಲೊನ ಎಡಪಾದ ಮಾತು ಕೇಳುತ್ತಿರಲಿಲ್ಲ. ಪ್ರಾಯದಲ್ಲಿ ಸೌದೆ ದೋಣಿಯಿಂದ ಉರುಳಿದ ದಿಮ್ಮಿಯೊಂದು ಅದನ್ನು ಒಳಕ್ಕೆ ತಿರುಚಿಬಿಟ್ಟಿತ್ತು.

"ಸತ್ತ ಮೇಲೂ ಹಟ ನೋಡು," ಮೆನೆಗ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಸೇನಾಪತಿ ಅಲ್ವಾ!"

ಬಾಗಿಲಲ್ಲಿ ನಿಂತಿದ್ದ ಸೌದೆಯಾಳುಗಳೂ ನಕ್ಕರು. ಒರ್ಸೊಲ ನಗಲಿಲ್ಲ.

*

ಅವಳ ಮದುವೆ ಗೊತ್ತಾದ ವರ್ಷ, ಬೀಗರ ಜೊತೆ ಇಗರ್ಜಿಗೆ ಹೋದಾಗ, ಅಪ್ಪ ಬಲಗಡೆಯ ಪೀಠದ ಚಿತ್ರದತ್ತ ಕೈ ತೋರಿಸಿದ್ದ. ಮಾತೆ ಮರಿಯಳ ಪಕ್ಕದಲ್ಲಿ ಹಳೇ ಕಾಲದ ಸೇನಾಪತಿ. ಟೋಪಿಯಲ್ಲಿ ಗರಿ, ಸೊಂಟದಲ್ಲಿ ಕತ್ತಿ.

"ಅದು ನಾನೇ. ಚಿತ್ರಗಾರರ ಮುಂದೆ ಆರು ದಿನ ನಿಂತಿದ್ದೆ."

ಬೀಗರು ಆ ಚೆಲುವ ಮುಖವನ್ನೂ, ಸೌದೆ ಹೊರುವವನ ಚಪ್ಪಟೆ ಮೂಗನ್ನೂ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ನೆಲ ಬಿರಿಯಬಾರದೇ ಎನ್ನಿಸಿತು ಒರ್ಸೊಲಳಿಗೆ. "ಅಪ್ಪಾ, ದೇವರ ಮುಂದೆ ಸುಳ್ಳು ಹೇಳ್ಬೇಡ," ಎಂದುಬಿಟ್ಟಳು.

ಅಂದಿನಿಂದ ಬೊರ್ತೊಲೊ ಭಾನುವಾರಗಳಂದು ಆ ಚಿತ್ರ ಕಾಣದ ಹಾಗೆ ಕಂಬದ ಹಿಂದೆ ಮಂಡಿಯೂರುತ್ತಿದ್ದ. ಹತ್ತೊಂಬತ್ತು ವರ್ಷ. ನಿಜವೇನೆಂದು ಅವಳು ಕೇಳಲಿಲ್ಲ. ಇನ್ನು ಕೇಳುವಂತೆಯೂ ಇರಲಿಲ್ಲ.

*

ಪಾದ್ರಿಯ ಹಿಂದೆಯೇ, ಚಿತ್ರಶಾಲೆಯಲ್ಲಿ ಬಣ್ಣ ಅರೆಯುವ ಮುದುಕ ತೀತ ಕಂಕುಳಲ್ಲಿ ಸುರುಳಿ ಇರುಕಿಕೊಂಡು ಬಂದ.

"ಆ ಪೀಠದ ಚಿತ್ರ ಬರೆದ ನಮ್ಮ ಯಜಮಾನ್ರು ಹೋದ ಮೇಲೆ ಹಳೇ ಕಾಗದಾನೆಲ್ಲ ಒಲೆಗೆ ಹಾಕ್ತಿದ್ರು, ತಾಯಿ. ಇದೊಂದನ್ನ ಎತ್ತಿಟ್ಟಿದ್ದೆ. ನಿಮ್ಮಪ್ಪಂದು."

ಒರ್ಸೊಲ ಬಿಚ್ಚಿದಳು. ಲೇಖನಿಯ ನಾಲ್ಕೇ ಗೀರಿನಲ್ಲಿ ಸೇನಾಪತಿಯ ಮೇಲಂಗಿ ಹಾರಾಡುತ್ತಿತ್ತು. ಕುಂಚದಲ್ಲಿ ತೇಲಿಸಿದ ಕಂದು ಮಸಿಯಲ್ಲಿ ಮಡಿಕೆಗಳ ನೆರಳು, ಕತ್ತಿ, ಗರಿ. ಮುಖವಿರಬೇಕಾದಲ್ಲಿ ಬರಿಯ ಮೊಟ್ಟೆಯಾಕಾರ.

"ಮುಖಾನೇ ಇಲ್ವಲ್ಲೋ ತೀತ!" ಎಂದಳು ಮೆನೆಗ.

"ಮುಖಕ್ಕೆ ರೊಟ್ಟಿಯಂಗಡಿಯವನ ಮಗನ್ನ ಕರೆಸಿದ್ರು ಅಕ್ಕ. ನಿಲುವಿಗೆ ಬೊರ್ತೊಲೊ. ಬಣ್ಣದ ಚಿತ್ರದಲ್ಲಿ ಕಾಲನ್ನೂ ತಿದ್ದಿಬಿಟ್ರು, ಇಗರ್ಜಿಗೆ ಹೋಗೋದಲ್ವಾ. ಆದ್ರೆ ಇದು ಅವನೇ. ಮಸಿ ಕೂಡ ಅವನು ಹೊತ್ತು ತಂದ ಸೌದೇದು, ನಾನೇ ಒಲೆಯಿಂದ ಕೆರೆದಿದ್ದೆ."

ಒರ್ಸೊಲಳ ಕಣ್ಣು ಮೆಲ್ಲಗೆ ಕೆಳಗಿಳಿಯಿತು. ಸೇನಾಪತಿಯ ಸೊಗಸಾದ ಎಡಗಾಲಿನ ಬೂಟು ಒಳಕ್ಕೆ ತಿರುಗಿ ನಿಂತಿತ್ತು.

ಅವಳು ಬಹಳ ಹೊತ್ತು ನೋಡಿದಳು.

"ಹೊತ್ತಾಯ್ತಮ್ಮ," ಎಂದರು ಪಾದ್ರಿ.

"ಒಂದು ಗಳಿಗೆ, ಸ್ವಾಮಿ."

ಅವಳು ಮಂಡಿಯೂರಿ ಪಟ್ಟಿಯ ಗಂಟು ಬಿಚ್ಚತೊಡಗಿದಳು. ಮೆನೆಗ ಕೈ ಹಿಡಿದಳು. "ಏನೇ ಇದು! ಸೊಟ್ಟಗಾಗತ್ತೆ!"

"ಆಗ್ಲಿ ಬಿಡಕ್ಕ. ಆರು ದಿನ ಹಾಗೇ ನಿಂತಿದ್ದ."

ಇಗರ್ಜಿಯೊಳಗೆ ದೇಹ ಹೊತ್ತವರು ಅವನು ಮಂಡಿಯೂರುತ್ತಿದ್ದ ಕಂಬದ ಕಡೆ ತಿರುಗಿದರು. ಒರ್ಸೊಲ ಅಡ್ಡ ನಿಂತು ಬಲಗಡೆಯ ಪೀಠದ ಮುಂದೆ ಇಳಿಸುವಂತೆ ಮಾಡಿದಳು.

ಮೇಲೆ ಗರಿಯ ಸೇನಾಪತಿ ಎರಡೂ ಪಾದ ನೆಟ್ಟಗೆ ಊರಿ ನಿಂತಿದ್ದ. ಕೆಳಗೆ ಮೇಣದ ಬತ್ತಿಯ ಬೆಳಕಿನಲ್ಲಿ, ಬಿಳಿ ಬಟ್ಟೆಯಡಿ, ಒಂದು ಪಾದ ಒಳಕ್ಕೆ ವಾಲಿಕೊಂಡಿತ್ತು.