ಅಂಚಿನವರೆಗೆ ತುಂಬಿದ ಬಟ್ಟಲು

ಸುವೊನ್ ಅಕಾ ನನ್ನ ಬಟ್ಟಲಿಗೆ ಚಹಾವನ್ನು ಅಂಚಿನವರೆಗೆ ಸುರಿದಾಗಲೇ ನನಗೆ ಎಲ್ಲ ತಿಳಿಯಿತು. ಬೇಕಾದವರಿಗೆ ನಮ್ಮಲ್ಲಿ ಅರ್ಧ ಬಟ್ಟಲು ಹಾಕುತ್ತಾರೆ, ಮತ್ತೆ ಮತ್ತೆ ಉಪಚಾರ ಮಾಡುವುದಕ್ಕೆ. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ.

"ಸಂಜೆ ತಾಶ್ಕೆಂಟಿಂದ ಮೇಲಧಿಕಾರಿ ಬರ್ತಾರೆ, ಓಯ್ದಿನ್," ಎಂದರು. ಅವರು ನಮ್ಮ ವೀಕ್ಷಣಾಲಯದ ಮುಖ್ಯಸ್ಥರು; ಹಿರಿಯ ಗಂಡಸರನ್ನು ನಾವು ಅಕಾ, ಅಂದರೆ ಅಣ್ಣ, ಎಂದೇ ಕರೆಯುವುದು. "ನಿನ್ನನ್ನ ದುರ್ಬೀನಿನ ಕೆಲಸದಿಂದ ತೆಗೀತಾರೆ. ನೀನು ಕೂತ ರಾತ್ರಿ ಮಾತ್ರ ಮಟ್ಟದ ಗುಳ್ಳೆ ಸರಿಯತ್ತೆ. ನಿನ್ನ ಉಸಿರಿನ ಬಿಸಿ ತಾಗ್ತಿದೆ."

ಮೈಯೆಲ್ಲ ಉರಿಯಿತು. ವರ್ಷಗಟ್ಟಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಲ್ಲಿ ಕೂತವಳು ನಾನು. ಬೆಟ್ಟದ ಹಿಮ ಕರಗಿ ಹರಿದರೆ, ಹತ್ತಿ ಹೊಲಗಳು ನದಿಯನ್ನೇ ಕುಡಿದು ನಮ್ಮ ಪಡುವಣದ ಒಳನಾಡ ಕಡಲು ಬತ್ತಿದರೆ, ಭೂಮಿಯ ತೂಕ ಜಾಗ ಬದಲಿಸುತ್ತದೆ, ಅದು ತಿರುಗುವ ಅಚ್ಚು ತುಸು ವಾಲುತ್ತದೆ. ನೆತ್ತಿಯ ನಕ್ಷತ್ರಗಳನ್ನು ನೋಡಿ ಆ ಓಲಾಟವನ್ನು ಅಳೆಯುವುದು ನಮ್ಮ ಕೆಲಸ. ದುರ್ಬೀನು ನಿಂತ ಕಂಬ ಕೂದಲೆಳೆಯಷ್ಟು ಅಲುಗಿದರೂ ಲೆಕ್ಕ ಕೆಡುತ್ತದೆ. ಆ ಅಲುಗಾಟ ಹಿಡಿಯುವುದಕ್ಕೇ ದುರ್ಬೀನಿನ ಮೇಲಿನ ಗಾಜಿನ ಕೊಳವೆಯಲ್ಲಿ ಮಟ್ಟದ ಗುಳ್ಳೆ ಇರುವುದು.

"ನನ್ನ ಉಸಿರಲ್ಲ, ಅಕಾ. ಕಂಬಾನೇ ವಾಲ್ತಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಚಹಾ ಮುಟ್ಟದೆ ಎದ್ದೆ. ಹೊರಗೆ ದುರ್ಬೀನಿನ ಕೋಣೆಯ ಗೋಡೆ ಪಕ್ಕ ಒಣಗಿ ಬಿರಿದ ಕಾಲುವೆಯಲ್ಲಿ ಕಾಲು ಸಿಕ್ಕಿ ಮುಗ್ಗರಿಸಿದೆ. ಅಲ್ಲೇ ನಿಂತುಬಿಟ್ಟೆ. ಈ ವಸಂತದಲ್ಲಿ ಊರವರೆಲ್ಲ ಗುದ್ದಲಿ ಹಿಡಿದು ಕಾಲುವೆ ಹೂಳೆತ್ತುವಾಗ ಅತ್ತೆ ನಮ್ಮ ಕರ್ಬೂಜದ ಹೊಲಕ್ಕೆಂದು ಈ ಕವಲನ್ನು ತೋಡಿಸಿದ್ದರು. ನಾನೂ ತೋಡಿದ್ದೆ. ನೀರಿನ ಸರದಿಯನ್ನೂ ನನ್ನ ಕೆಲಸದ ರಾತ್ರಿಗಳಿಗೇ ಕೇಳಿ ಪಡೆದಿದ್ದರು, ಬೆಳಗಿನ ಜಾವ ಮನೆಗೆ ಬರುವಾಗ ನಾನು ತೂಬು ಮುಚ್ಚಲಿ ಎಂದು.

ನನ್ನ ರಾತ್ರಿಗಳಂದೇ ಈ ಮಣ್ಣು ನೀರು ಕುಡಿದು ಉಬ್ಬಿ ಕಂಬವನ್ನು ತಳ್ಳುತ್ತಿತ್ತು.

"ಕೋಣೆಗೆ ಬೀಗ ಹಾಕಿ, ಅಕಾ. ಒಳಗೆ ಯಾರೂ ಬೇಡ. ಕಿಟಕಿಯಿಂದ ಗುಳ್ಳೆ ನೋಡ್ತಿರಿ," ಎಂದು ಕೂಗಿ ಹೇಳಿ, ಓಡಿಹೋಗಿ ತೂಬು ಎತ್ತಿದೆ.

ನೀರು ಬಂತು. ಹೊತ್ತು ಇಳಿದರೂ ಗುಳ್ಳೆ ಕದಲಲಿಲ್ಲ. ಕೆಳಗೆ ರಸ್ತೆಯಲ್ಲಿ ಜೀಪಿನ ಧೂಳೆದ್ದಿತು. ಅಕಾ ಕಿಟಕಿಗೆ ಕತ್ತು ಚಾಚಿ ನಿಂತೇ ಇದ್ದರು. ಜೀಪು ಅಂಗಳಕ್ಕೆ ಬಂದು ನಿಂತಿತು, ಬಾಗಿಲು ತೆರೆದ ಸದ್ದಾಯಿತು.

"ತಡಿ," ಎಂದರು ಅಕಾ. "ಸರೀತಿದೆ." ನನ್ನತ್ತ ತಿರುಗಿದರು. "ನೆಲಾನೇ ಡೊಂಕು ಕಣಮ್ಮ."

ಅತಿಥಿಯ ಎದುರಿಗೇ ನನಗೆ ಅರ್ಧ ಬಟ್ಟಲು ಚಹಾ ಸಿಕ್ಕಿತು. ಸಂತೋಷಕ್ಕೆ ಅಳು ಬಂತು. ಆದರೆ ತಾಶ್ಕೆಂಟಿನವರು ಹೊರಡುವ ಮುನ್ನ ಹೇಳಿದ್ದು ಒಂದೇ ಮಾತು: ಕಾಲುವೆಯನ್ನು ಇವತ್ತೇ ಮುಚ್ಚಬೇಕು. ನಾನೇ ಮಣ್ಣು ಎಳೆದು ಮುಚ್ಚಿದೆ.

ಮನೆಗೆ ಬಂದಾಗ ಅತ್ತೆಗೆ ಸುದ್ದಿ ಮುಟ್ಟಿತ್ತು.

"ಹೂ ಬಿಟ್ಟ ಬಳ್ಳಿ," ಎಂದರು. "ಭೂಮಿ ವಾಲಿದ್ದು ಅಳೀಬೇಕು ಅಂತ ನನ್ನ ಕರ್ಬೂಜ ಸಾಯ್ಬೇಕಾ?"

"ಬೇರೆ ಕಡೆಯಿಂದ ತೋಡೋಣ ಅತ್ತೆ, ನಾನೇ ತೋಡ್ತೀನಿ."

"ಅಷ್ಟೊತ್ತಿಗೆ ಬೇಸಿಗೆ ಮುಗಿದಿರತ್ತೆ."

ರೊಟ್ಟಿ ಮುರಿದು ನನ್ನ ಮುಂದಿಟ್ಟರು. ಬಟ್ಟಲು ತೆಗೆದುಕೊಂಡು ಚಹಾ ಸುರಿಯತೊಡಗಿದರು. ಅರ್ಧಕ್ಕೆ ಬಂದಾಗ ಅವರ ಕೈ ನೋಡಿದೆ. ಅದು ನಿಲ್ಲಲಿಲ್ಲ, ಚಹಾ ಅಂಚಿಗೇರಿತು.