ಹೋರಿ ಅಣ್ಣನಿಗೆ, ಆನೆ ನನಗೆ

ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದೆ. ಅತ್ತೆಯ ಫೋನು ಬಂತು. ಅತ್ತೆ ಅಂದರೆ ಅಪ್ಪನ ಅಕ್ಕ. ಅವರ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಮುಟ್ಟುತ್ತದೆ.

"ಕಂದಾ, ಆ ಹೋರಿ ನಾಣ್ಯ ಅಣ್ಣಂಗೆ ಕೊಟ್ಬಿಡು. ಅಪ್ಪ ಕಣ್ಮುಚ್ಚಿ ಇನ್ನೂ ವರ್ಷ ತುಂಬಿಲ್ಲ. ನಾನು ಯಾರ ಹತ್ರನೂ ಹೇಳಲ್ಲ."

"ಯಾವ ನಾಣ್ಯ ಅತ್ತೆ? ನಾನೇನು ಕೊಡ್ಬೇಕು?"

"ಪೆಟ್ಟಿಗೆಯಿಂದ ನೀನೇ ತೆಗ್ದಿದ್ದೀಯಂತೆ. ಅಣ್ಣ ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳ್ದ, ಪಾಪ."

ಪಾಪವಂತೆ! ಮೈಯೆಲ್ಲ ಉರಿದುಹೋಯಿತು. ತೋಳನ್ನು ಹಾಗೇ ಬಿಟ್ಟು ಎದ್ದೆ.

ಅಪ್ಪನಿಗೆ ಇದ್ದದ್ದು ಒಂದೇ ಹುಚ್ಚು, ಹಳೆಯ ಇಂಡೋ-ಗ್ರೀಕ್ ಬೆಳ್ಳಿ ನಾಣ್ಯಗಳದ್ದು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಅದರಲ್ಲೂ ಪ್ರಾಣಿಪಕ್ಷಿ ಇರುವ ನಾಣ್ಯ ಕಂಡರೆ ಊಟ ನಿದ್ದೆ ಬೇಡ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಗೂಬೆಯಿತ್ತು, ಆನೆಯಿತ್ತು, ಹೋರಿಯಿತ್ತು. ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ನಾನೂ ಅಣ್ಣನೂ ನನಗೆ ತನಗೆ ಎಂದು ಕಿತ್ತಾಡಿದಾಗ ಅಪ್ಪ ಚಿಮಟದಲ್ಲಿ ಎತ್ತಿ ಹಿಡಿದು, "ಹೋರಿ ನಿಂಗೆ" ಎಂದು ಅವನಿಗೂ, "ಆನೆ ನಿಂಗೆ" ಎಂದು ನನಗೂ ತೋರಿಸಿದ್ದರು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗಲೂ ಅದನ್ನೇ ಹೇಳಿ ನಕ್ಕರು. ಅವರು ಯಾಕೆ ನಕ್ಕರು ಎಂದು ನನ್ನ ಹಾಗೆ ಅಣ್ಣನೂ ಒಂದು ಸಲವಾದರೂ ಕೇಳಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ.

ಅಣ್ಣನದು ಕನ್ನಡಕದ ಅಂಗಡಿ. ಪೆಟ್ಟಿಗೆಯನ್ನು ಈಗ ಅಲ್ಲೇ ಉಕ್ಕಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ನಾನು ಒಳಗೆ ಹೋದಾಗ ಯಾರದೋ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಿದ್ದ.

"ಅವರ ಕಣ್ಣು ಆಮೇಲೆ ನೋಡು. ನನ್ನ ಕಳ್ಳಿ ಅಂದ್ಯಂತೆ?"

ಗಿರಾಕಿ ಕನ್ನಡಕ ಬಿಚ್ಚಿಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದರು. ಗಲ್ಲಾದಲ್ಲಿದ್ದ ಅತ್ತಿಗೆ, "ನಿನ್ನ ಹೆಸರು ಯಾರು ಎತ್ತಿದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾಯ್ತು" ಎಂದಳು.

"ನನ್ನ ಹೆಗಲಿಗೆ ಕುಂಬಳಕಾಯಿ ಕಟ್ಟಿ ಊರೆಲ್ಲ ಸಾರಿದ್ದು ನೀವೇ ಅಲ್ವಾ ಅತ್ತಿಗೆ?"

ಅಣ್ಣ ಗಂಟಲು ಸರಿಮಾಡಿಕೊಂಡ. "ಕೂಗಾಡ್ಬೇಡ. ಪೆಟ್ಟಿಗೇಲಿ ಆನೆ ಇದೆ, ಹೋರಿ ಇಲ್ಲ. ಅಪ್ಪನ ಕೋಣೆಗೆ ನೀನೊಬ್ಳೇ ಹೋಗ್ತಿದ್ದೆ. ಹೋರಿ ತಂದ್ಕೊಡು, ನಿನ್ನ ಆನೆ ತಗೊಂಡ್ಹೋಗು."

ಹೋಗುತ್ತಿದ್ದೆ, ಹೌದು! ಔಷಧಿ ಕುಡಿಸುವುದಕ್ಕೆ, ಬೆನ್ನು ಒರೆಸುವುದಕ್ಕೆ ಹೋಗುತ್ತಿದ್ದೆ. ಇವನು ಬಾಗಿಲಲ್ಲಿ ನಿಂತು "ಹೇಗಿದ್ದೀರಪ್ಪ?" ಎಂದು ಕೇಳಿ ಹಾಗೇ ಹಿಂದಿರುಗುತ್ತಿದ್ದ. ಪೆಟ್ಟಿಗೆಯಲ್ಲಿದ್ದ ಗೂಬೆ ಸಾಲದು ಎಂದು ಇನ್ನೊಂದನ್ನು ತಂದು ನನ್ನ ಮೇಲೆ ಕೂರಿಸಿದ್ದಾನೆ.

"ಬೀರು ತೆಗಿ" ಎಂದೆ. ತೆಗೆದ. ಪೆಟ್ಟಿಗೆಯ ನಡುವಿನ ಗುಳಿಯಲ್ಲಿ ಚೌಕಾಕಾರದ ಪುಟ್ಟ ಬೆಳ್ಳಿ ನಾಣ್ಯ. ಅದರ ಮೇಲೆ ಆನೆ, ಸುತ್ತ ಗ್ರೀಕ್ ಅಕ್ಷರ.

"ತಿರುಗಿಸು."

"ಅಪ್ಪ ಮುಟ್ಬೇಡಿ ಅಂದಿದ್ರು."

"ತಂಗೀನ ಕಳ್ಳಿ ಅನ್ನು ಅಂತಾನೂ ಅಂದಿದ್ರಾ? ತಿರುಗಿಸೋ!"

ತಿರುಗಿಸಿದ. ಡುಬ್ಬದ ಹೋರಿ ನಿಂತಿತ್ತು, ಸುತ್ತ ಖರೋಷ್ಠಿ ಲಿಪಿ. ಅಣ್ಣ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಆನೆ ನೋಡಿದ, ಹೋರಿ ನೋಡಿದ. ಇಡೀ ಊರಿಗೆ ಕಣ್ಣು ಕೊಡುವವನು!

"ಒಂದೇನಾ ಇದು?" ಎಂದ. ಆಮೇಲೆ, "ಅಪ್ಪ ಬಿಡಿಸಿ ಹೇಳ್ಬಾರ್ದಿತ್ತಾ?" ಎಂದು ತಪ್ಪನ್ನು ಸತ್ತವರ ತಲೆಗೆ ಕಟ್ಟಿದ.

"ಹೋಗ್ಲಿ ಬಿಡು, ಮನೆ ಮಾತು ಮನೇಲೇ ಇರ್ಲಿ" ಎಂದಳು ಅತ್ತಿಗೆ.

"ಮನೇಲೇ ಇದ್ದಿದ್ರೆ ನಾನ್ಯಾಕೆ ಬರ್ತಿದ್ದೆ? ಅತ್ತೆಗೆ ಫೋನ್ ಮಾಡು. ನಂಗೂ ಕೇಳಿಸ್ಬೇಕು."

ಮಾಡಿದ. "ಅತ್ತೆ, ಹೋರಿ ಸಿಕ್ತು."

ಸಿಕ್ತು! ಆ ಒಂದು ಪದ ಸಾಕಾಯಿತು ಅತ್ತೆಗೆ. "ಅಂತೂ ತಂದ್ಕೊಟ್ಳಾ? ನಾನು ಬುದ್ಧಿ ಹೇಳಿದ್ದಕ್ಕೇ ನೋಡು!"

"ಹೂಂ" ಎಂದ ನನ್ನ ಒಡಹುಟ್ಟಿದವನು.

"ಏನು ಹೂಂ? ಕಳೆದೇ ಇರ್ಲಿಲ್ಲ ಅಂತ ಹೇಳೋ!" ಎಂದು ಕಿರುಚಿದೆ.

ಅಣ್ಣ ಬೆವರಿದ. "ಅಲ್ಲ ಅತ್ತೆ, ಅವಳು ತೆಗ್ದೇ ಇರ್ಲಿಲ್ಲ. ಇಲ್ಲೇ ಇತ್ತು. ತಪ್ಪು ನಂದೇ."

ಆ ಕಡೆ ಅತ್ತೆ ಸೊರಸೊರ ಮೂಗು ಒರೆಸಿಕೊಂಡರು. "ಅಯ್ಯೋ ನನ್ನಪ್ಪಾ! ತಂಗಿ ಮಾನ ಉಳ್ಸೋಕೆ ತಪ್ಪೆಲ್ಲ ನಿನ್ನ ಮೇಲೆ ಎಳ್ಕೋತಿದ್ದೀಯಲ್ಲೋ! ಥೇಟ್ ನಿಮ್ಮಪ್ಪನೇ ನೀನು."

"ಅತ್ತೆ, ಅದು ಒಂದೇ ನಾಣ್ಯ! ಒಂದು ಮೈಗೆ ಆನೆ, ಇನ್ನೊಂದು ಮೈಗೆ..." ಎಂದು ನಾನೇ ಬಾಯಿ ಹಾಕಿದೆ.

"ಗೊತ್ತಮ್ಮ, ಗೊತ್ತು. ಇಂಥ ಅಣ್ಣ ಯಾರಿಗಿದ್ದಾನೆ? ಅವನ ಋಣ ಮರೀಬೇಡ." ಫೋನು ಇಟ್ಟರು.

"ಹೇಳಾಯ್ತಲ್ಲ, ಇನ್ನೇನು ಮಾಡ್ಲಿ?" ಎಂದ ಅಣ್ಣ. ಆ ಮುಖ ನೋಡಬೇಕಿತ್ತು! ಹೊಗಳಿಸಿಕೊಂಡ ಖುಷಿ ಅಡಗಿಸಲಾಗದೆ ತುಟಿಯಂಚು ಅಲುಗುತ್ತಿತ್ತು. ಅದನ್ನು ನೋಡಿ ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಇನ್ನೂ ಏರಿತು. ಇನ್ನು ಸಾಯುವವರೆಗೂ ನಾನು ಕದ್ದವಳು, ಇವನು ಕ್ಷಮಿಸಿದವನು. ಕೈಚಾಚಿ ನಾಣ್ಯ ಎತ್ತಿಕೊಂಡು ಪರ್ಸಿಗೆ ಹಾಕಿದೆ.

"ಏಯ್, ಅದ್ರಲ್ಲಿ ನನ್ನ ಹೋರಿ ಇದೆ ಕಣೇ!"

"ಇದ್ರೆ ಹಗ್ಗ ಹಾಕಿ ಎಳ್ಕೋ" ಎಂದೆ. "ಆಮೇಲೆ ಅತ್ತೆಗೆ ಇನ್ನೊಂದ್ಸಲ ಫೋನ್ ಮಾಡು. ಈ ಸಲ ನಿಜವಾಗ್ಲೂ ತಗೊಂಡ್ಹೋದ್ಲು ಅಂತ ಹೇಳು."